ಪರಧೂಮವೂ ಮನಃಸ್ವಾಸ್ಥ್ಯವೂ

‘ಧೂಮಪಾನ’ವೆಂಬ ಶಬ್ದವು ನಮ್ಮ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧದ್ರವ್ಯಗಳ ಹೊಗೆಯನ್ನು ಸೇದುವುದು ಒಂದು ಉಪಚಾರವಾಗಿ ಹೇಳಲ್ಪಟ್ಟಿದೆ. ಆದರೆ ಅಲ್ಲಿ ತಂಬಾಕಿನ ಸುಳಿವಿಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಹುಕಾಲಾನಂತರ ಇಲ್ಲಿಗೆ ಬಂದುದು. ಮೇಲಾಗಿ, ಪಾನವೆಂಬುದು ಕುಡಿಯುವವನ ಇಚ್ಛೆಯಿಂದ ನಡೆಯುವ ಕ್ರಿಯೆ. ಪಕ್ಕದಲ್ಲಿ ಕುಳಿತವರ ಪಾಲಿಗೆ ಬರುವ ಹೊಗೆಯಾದರೋ ಇಚ್ಛೆಯಿಲ್ಲದೆ ಒದಗುವುದು. ಇದನ್ನೇ ಇಲ್ಲಿ ಪರಧೂಮವೆಂದು ಕರೆದಿದೆ.

ಪರಧೂಮಕ್ಕೆ ಮೂಲಗಳೆರಡು: ಸೇದುವವನು ಹೊರಬಿಡುವ ಹೊಗೆ ಒಂದು, ಬೀಡಿ ಸಿಗರೇಟುಗಳ ಉರಿಯುವ ತುದಿಯಿಂದ ನೇರವಾಗಿ ಏಳುವ ಹೊಗೆ ಇನ್ನೊಂದು. ಎರಡನೆಯದೇ ಪ್ರಮಾಣದಲ್ಲಿ ಅಧಿಕ. ಧೂಮಪಾನಿಗಳ ಪತ್ನಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂಬುದನ್ನು ಜಪಾನಿನ ತಕೇಶಿ ಹಿರಾಯಾಮ ಅವರು 1981ರಲ್ಲಿ ತೋರಿಸಿದರು. ಅನಂತರದ ಸಂಶೋಧನೆಗಳಿಂದ ದೇಹಹಾನಿಯ ವಿಷಯವು ನಿರ್ವಿವಾದವಾಯಿತು.

ಮನಸ್ಸಿನ ವಿಚಾರವಾದ ಶೋಧ ಈಚಿನದು. ಸ್ಕಾಟ್ಲೆಂಡಿನ ಆರೋಗ್ಯ ಸಮೀಕ್ಷೆಯನ್ನಾಧರಿಸಿ ಮಾರ್ಕ್ ಹ್ಯಾಮರ್ ಮತ್ತು ಸಂಗಡಿಗರು 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ ಹೊಗೆ ಸೇದದ 5,560 ವಯಸ್ಕರಿದ್ದರು. ಅವರ ಬಾಯ್ಮಾತನ್ನೇ ನೆಚ್ಚದೆ, ಜೊಲ್ಲಿನಲ್ಲಿರುವ ಕೋಟಿನೈನ್ ಎಂಬ ವಸ್ತುವನ್ನು ಅಳೆಯಲಾಯಿತು. ನಿಕೋಟಿನ್ ದೇಹದೊಳಗೆ ಮಾರ್ಪಟ್ಟು ಇದಾಗುವುದರಿಂದ, ಹೊಗೆ ಒಳಹೊಕ್ಕುದಕ್ಕೆ ಇದೇ ಸಾಕ್ಷಿ. ಇದು ಹೆಚ್ಚಾಗಿದ್ದವರಲ್ಲಿ ಮಾನಸಿಕ ಕ್ಲೇಶದ ಸಂಭವವು ಸುಮಾರು ಒಂದೂವರೆ ಪಟ್ಟು ಕಂಡುಬಂದಿತು.

ಇಲ್ಲಿ ತಾರ್ಕಿಕನ ಆಕ್ಷೇಪಕ್ಕೆ ಎಡೆಯುಂಟು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೆಂಬ ಉಪಾಧಿ ಬೇಕು. ಹಾಗೆಯೇ ಹೊಗೆ ತುಂಬಿದ ಮನೆಯ ಕ್ಲೇಶಕ್ಕೆ ಬಡತನ, ವ್ಯಾಧಿ, ಮದ್ಯಪಾನಗಳು ಉಪಾಧಿಗಳಾಗಿರಬಾರದೇಕೆ? ಸಂಶೋಧಕರು ಇವನ್ನೆಲ್ಲ ಗಣನೆಗೆ ತೆಗೆದುಕೊಂಡ ಮೇಲೂ ಸಂಬಂಧವು ಉಳಿಯಿತು. ಆದರೂ ಇಷ್ಟರಿಂದಲೇ ಕಾರ್ಯಕಾರಣಭಾವವು ಸಿದ್ಧವಾಯಿತೆನ್ನುವುದು ಆತುರವಾದೀತು. ಬಲವಾದ ಶಂಕೆಯುಂಟಾಯಿತೆನ್ನುವುದೇ ಯುಕ್ತ. ಸಿದ್ಧವಾದುದನ್ನೂ ಶಂಕಿತವಾದುದನ್ನೂ ಬೇರ್ಪಡಿಸಿ ಹೇಳುವುದು ಅಧ್ಯಾಪಕರ ಧರ್ಮ.

2003ರ ಕಾಯಿದೆಯೂ 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳೂ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿವೆ. ಆದರೆ ಈ ಕಾಯಿದೆಯು ಮನೆಯ ಹೊಸಿಲನ್ನು ದಾಟದು. ಅಲ್ಲಿ ತಂದೆಯನ್ನು ಹೊರಗೆ ಹೋಗೆನ್ನುವ ಧೈರ್ಯ ಮಗುವಿಗಿಲ್ಲ. ಕಿಟಕಿ ತೆರೆದ ಮಾತ್ರಕ್ಕೆ ಹೊಗೆಯೂ ಪೂರ್ತಿಯಾಗಿ ತೊಲಗದು. ಆದುದರಿಂದ ಪಾಲಕರ ಸಭೆಗಳಲ್ಲಿ ಈ ಮಾತನ್ನು ಆಡಬೇಕಾದವರು ನಾವೇ. ಚಟವನ್ನು ಬಿಡಲಾರದವನು ಮನೆಯೊಳಗೆ ಸೇದುವುದನ್ನಾದರೂ ಬಿಡಲಿ. ದೇಹಕ್ಕೆ ಅದರಿಂದಾಗುವ ಉಪಕಾರ ನಿಶ್ಚಿತ, ಮನಸ್ಸಿಗೂ ಆದೀತೆಂಬುದು ಸಂಭಾವ್ಯ.