ಆಮೆ ಕೈಗೆ ಸಿಕ್ಕರೆ: ಮೊದಲ 48 ಗಂಟೆಯಲ್ಲಿ ಮಾಡಬೇಕಾದ್ದು

ಮಳೆ ಹಿಡಿದ ಮೇಲೆ ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯ ತೋಟ, ಗದ್ದೆ, ಕೆರೆ ಏರಿಗಳಲ್ಲಿ ಆಮೆ ಎದುರಾಗಬಹುದು. ತೋಟದ ಚರಂಡಿ ತೋಡುವವರ ಗುದ್ದಲಿಗೆ ತಾಗಬಹುದು, ಬಲೆಯಲ್ಲಿ ಮೀನಿನ ಜೊತೆ ಬರಬಹುದು. ಬೇಸಿಗೆಯಲ್ಲಿ ಕೆರೆ ಹೂಳೆತ್ತುವಾಗ ಜೆಸಿಬಿ ಎತ್ತಿದ ಕೆಸರಿನಲ್ಲೂ ಇರಬಹುದು. ಆಗ ಸುತ್ತ ನಿಂತವರು ತಲೆಗೊಂದು ಮಾತಾಡುತ್ತಾರೆ. ಬಾವಿಗೆ ಬಿಟ್ಟರೆ ನೀರು ಶುದ್ಧವಾಗಿರುತ್ತದೆ ಎನ್ನುವವರಿದ್ದಾರೆ, ಮನೆಯಲ್ಲಿಟ್ಟರೆ ಅದೃಷ್ಟ ಎನ್ನುವವರಿದ್ದಾರೆ, ಸಾರಿಗಾಯಿತು ಎನ್ನುವವರೂ ಇದ್ದಾರೆ. ಕೊನೆಗೊಬ್ಬರು, ‘ಫಾರೆಸ್ಟ್‌ನವರಿಗೆ ಹೇಳಿದರೆ ನಮ್ಮ ಮೇಲೇ ಕೇಸು ಹಾಕುತ್ತಾರೆ, ಸುಮ್ಮನಿರಿ’ ಎನ್ನುತ್ತಾರೆ.

ಮೊದಲ ಮೂರು ಸಲಹೆ ಕಾನೂನಿನ ಪ್ರಕಾರ ಅಪರಾಧ. ನಾಲ್ಕನೆಯದು ಏನೂ ತಪ್ಪು ಮಾಡದವರನ್ನೂ ಆರೋಪಿಯ ಜಾಗದಲ್ಲಿ ನಿಲ್ಲಿಸುತ್ತದೆ. ಆಮೆ ಕಣ್ಣಿಗೆ ಬಿದ್ದದ್ದು ತಪ್ಪಲ್ಲ, ಆಕಸ್ಮಿಕವಾಗಿ ಕೈಗೆ ಬಂದದ್ದೂ ತಪ್ಪಲ್ಲ. ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ತಪ್ಪು. ಆನೆ ತೋಟಕ್ಕೆ ಇಳಿದ ಕೂಡಲೇ ಅರಣ್ಯ ಸಿಬ್ಬಂದಿಗೆ ಫೋನ್ ಮಾಡುವುದು ಆಲೂರು, ಸಕಲೇಶಪುರದ ಜನರಿಗೆ ರೂಢಿಯಾಗಿದೆ. ಆಮೆಯ ವಿಷಯದಲ್ಲೂ ಅದೇ ರೂಢಿ ಬೆಳೆದರೆ ಈ ಭಯಕ್ಕೆ ಕಾರಣವಿರುವುದಿಲ್ಲ.

ಎದುರಿಗಿರುವುದು ಯಾವ ಆಮೆ?

ಹೆಸರು ಗೊತ್ತಿಲ್ಲದಿದ್ದರೂ ಕಾನೂನು ಅನ್ವಯಿಸುತ್ತದೆ. ಆದರೂ ಗುರುತು ತಿಳಿದಿದ್ದರೆ ಪ್ರಾಣಿಗೂ ಒಳ್ಳೆಯದು, ನಿಮ್ಮ ಬೆರಳಿಗೂ ಒಳ್ಳೆಯದು.

ಕೆರೆ, ಗದ್ದೆಗಳಲ್ಲಿ ಸಿಗುವ ಮೆದುಚಿಪ್ಪಿನ ಆಮೆಯ ಬೆನ್ನು ಚರ್ಮ ಹೊದಿಸಿದಂತೆ ನುಣುಪಾಗಿರುತ್ತದೆ. ಮೂಗು ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿರುತ್ತದೆ. ತಿರುಗಿಸಿ ನೋಡಿದರೆ ಹೊಟ್ಟೆಯ ಹಿಂಭಾಗದಲ್ಲಿ ಎರಡು ಮಡಿಕೆ ಕಾಣುತ್ತವೆ. ಹಿಂಗಾಲು ಒಳಗೆಳೆದುಕೊಂಡಾಗ ಅವು ಮುಚ್ಚಿಕೊಳ್ಳುತ್ತವೆ. ಕೆರೆ ಬತ್ತಿದಾಗ ಇದು ಕೆಸರಿನೊಳಗೆ ಹುದುಗಿ ಮಳೆಗಾಗಿ ಕಾಯುತ್ತದೆ, ಹೂಳಿನ ಜೊತೆ ಮೇಲೆ ಬರುವುದು ಇದೇ ಕಾರಣಕ್ಕೆ. ಕತ್ತು ಉದ್ದ, ಸಿಟ್ಟು ಹೆಚ್ಚು, ಕಚ್ಚಿದರೆ ಗಾಯವಾಗುತ್ತದೆ.

ಗಟ್ಟಿ ಚಿಪ್ಪಿನ ಕಪ್ಪು ಕೆರೆ ಆಮೆ ಇನ್ನೊಂದು. ಬೆನ್ನ ಮೇಲೆ ಉದ್ದಕ್ಕೆ ಮೂರು ಏಣುಗಳಿರುತ್ತವೆ. ಪಶ್ಚಿಮಘಟ್ಟದ ಕಾಡಿನಲ್ಲಿ ತಿರುವಾಂಕೂರು ನೆಲ ಆಮೆ ಇದೆ. ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಪುಟ್ಟ ಕೇನ್ ಆಮೆಯೂ ಇದೆ. 1912ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಕೇನ್ ಆಮೆ ಆಮೇಲೆ ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1982ರಲ್ಲಿ ಅದನ್ನು ಮತ್ತೆ ಹುಡುಕಿದವರು ಸರೀಸೃಪ ತಜ್ಞೆ ಜೆ. ವಿಜಯಾ. ಅವರ ನೆನಪಿಗಾಗಿ ಅದರ ವೈಜ್ಞಾನಿಕ ಹೆಸರು ಈಗ ‘ವಿಜಯಚೆಲಿಸ್’ ಎಂದೇ ಆಗಿದೆ.

ಕಾಲು ನೋಡಿದರೆ ಮುಖ್ಯ ವ್ಯತ್ಯಾಸ ತಿಳಿಯುತ್ತದೆ. ನೀರಿನ ಆಮೆಯ ಬೆರಳುಗಳ ನಡುವೆ ಜಾಲಪೊರೆ ಇರುತ್ತದೆ. ನೆಲದ ಆಮೆಯ ಕಾಲು ಆನೆಯ ಕಾಲಿನಂತೆ ದುಂಡಗೆ, ದಪ್ಪಗೆ ಇರುತ್ತದೆ, ಅದಕ್ಕೆ ಈಜು ಬಾರದು. ‘ಆಮೆ ಅಂದಮೇಲೆ ನೀರೇ ಮನೆ’ ಎಂದು ನೆಲದ ಆಮೆಯನ್ನು ಬಾವಿಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟರೆ ಅದು ಮುಳುಗಿ ಸಾಯುತ್ತದೆ.

ವಿಡಿಯೊಗಳಲ್ಲಿ ಕಾಣುವ, ಕೋಲನ್ನೇ ಕಚ್ಚಿ ಮುರಿಯುವ ಸ್ನ್ಯಾಪಿಂಗ್ ಟರ್ಟಲ್ ಅಮೆರಿಕ ಖಂಡದ್ದು, ನಮ್ಮ ಹಳ್ಳ ಕೆರೆಗಳದ್ದಲ್ಲ. ನಮ್ಮಲ್ಲಿ ಅದರಂತೆ ಕಚ್ಚುವುದು ಮೆದುಚಿಪ್ಪಿನ ಆಮೆ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಸೆಕ್ಷನ್ 9 ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಎಂದರೆ ಕೋವಿ ಹಿಡಿದು ಹೋಗುವುದು ಮಾತ್ರವಲ್ಲ. ಸೆಕ್ಷನ್ 2ರ ವ್ಯಾಖ್ಯೆಯ ಪ್ರಕಾರ ಹಿಡಿಯುವುದು, ಉರುಳು ಹಾಕುವುದು, ಗಾಯ ಮಾಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಸರೀಸೃಪಗಳ ಮೊಟ್ಟೆ ಒಡೆಯುವುದು, ಗೂಡು ಕೆದಕುವುದೂ ಅದರಲ್ಲೇ ಸೇರಿದೆ.

ಸೆಕ್ಷನ್ 39 ನಾಗರಿಕರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾದ್ದು. ಹಿಡಿದಿಟ್ಟ ಕಾಡುಪ್ರಾಣಿ, ಸತ್ತು ಸಿಕ್ಕ ಪ್ರಾಣಿ, ಗೊತ್ತಿಲ್ಲದೆ ಕೊಂದ ಪ್ರಾಣಿ ಎಲ್ಲವೂ ಸರ್ಕಾರದ ಸ್ವತ್ತು. ಅಂಥದ್ದು ಯಾವ ರೀತಿಯಲ್ಲಿ ನಿಮ್ಮ ವಶಕ್ಕೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಇಲ್ಲವೇ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು, ಕೇಳಿದರೆ ಒಪ್ಪಿಸಬೇಕು. ಲಿಖಿತ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ಉಡುಗೊರೆಯಾಗಿಯೂ ಕೊಡುವಂತಿಲ್ಲ. 48 ಗಂಟೆ ಎಂಬುದು ಎರಡು ದಿನ ಸಾಕಿಕೊಳ್ಳಲು ಕೊಟ್ಟ ಅನುಮತಿಯಲ್ಲ, ವರದಿ ಮಾಡಲು ಹಾಕಿದ ಗಡುವು.

ಸೆಕ್ಷನ್ 57ರ ಪ್ರಕಾರ ಪ್ರಾಣಿ ನಿಮ್ಮ ವಶದಲ್ಲಿತ್ತು ಎಂಬುದು ಸಾಬೀತಾದರೆ, ಅದು ಅಕ್ರಮ ವಶವೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಸಮಯಕ್ಕೆ ಸರಿಯಾಗಿ ಕೊಟ್ಟ ವರದಿಯೇ ಆಗ ನಿಮ್ಮ ಕೈಯಲ್ಲಿರುವ ಬಲವಾದ ದಾಖಲೆ.

ಶಿಕ್ಷೆ ಸೆಕ್ಷನ್ 51ರಲ್ಲಿದೆ. ಮೆದುಚಿಪ್ಪಿನ ಆಮೆ ಹುಲಿ, ಆನೆಗಳಿರುವ ಮೊದಲ ಅನುಸೂಚಿಯಲ್ಲೇ ಇದೆ. ಅದನ್ನು ಕೊಂದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಎರಡನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪರಾಧಕ್ಕೆ ಬಳಸಿದ ಬೈಕು, ಜೀಪನ್ನೂ ಜಪ್ತಿ ಮಾಡಬಹುದು.

ಹಂತ ಹಂತವಾಗಿ ಮಾಡಬೇಕಾದ್ದು

1. ಆಮೆ ಗಾಯವಿಲ್ಲದೆ, ತನ್ನ ಪಾಡಿಗೆ ಹೋಗುತ್ತಿದ್ದರೆ ಬಿಟ್ಟುಬಿಡಿ. ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟೇ ಸಾಕು. ಮುಟ್ಟುವುದು ಬೇಡ, ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ.

2. ರಸ್ತೆಯ ನಡುವೆ ಇದ್ದು ವಾಹನ ಬರುವ ಭಯವಿದ್ದರೆ, ಅದು ಯಾವ ಕಡೆಗೆ ಮುಖ ಮಾಡಿದೆಯೋ ಆ ಬದಿಗೇ ದಾಟಿಸಿ ಬಿಡಿ. ಹಿಂದಕ್ಕೆ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ. ಬಾಲ ಹಿಡಿದು ಎತ್ತಬೇಡಿ. ಗಟ್ಟಿ ಚಿಪ್ಪಿನದಾದರೆ ಎರಡೂ ಕೈಯಿಂದ ಚಿಪ್ಪಿನ ಹಿಂಭಾಗದ ಅಂಚು ಹಿಡಿಯಿರಿ. ಮೆದುಚಿಪ್ಪಿನದಾದರೆ ಕೈ ಹಾಕದೆ, ಹಲಗೆಯಿಂದ ಬುಟ್ಟಿಯೊಳಗೆ ಮೆಲ್ಲಗೆ ತಳ್ಳಿ ದಾಟಿಸಿ.

3. ಬಲೆಗೆ ಬಿದ್ದಿದ್ದರೆ ಬಲೆ ಕತ್ತರಿಸಿ ಅದೇ ನೀರಿಗೆ ಬಿಡಿ. ಗಾಳ ನುಂಗಿದ್ದರೆ ಎಳೆಯಬೇಡಿ, ದಾರವನ್ನಷ್ಟೇ ಕತ್ತರಿಸಿ ಇಲಾಖೆಗೆ ತಿಳಿಸಿ. ಅದು ಪಶುವೈದ್ಯರ ಕೆಲಸ.

4. ಗಾಯವಾಗಿದ್ದರೆ, ಬಾವಿಗೆ ಬಿದ್ದಿದ್ದರೆ, ಯಾರಾದರೂ ಹಿಡಿದಿಟ್ಟಿರುವುದು ಗೊತ್ತಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ನಿಮ್ಮ ಗಸ್ತಿನ ಗಾರ್ಡ್, ಉಪ ವಲಯ ಅರಣ್ಯಾಧಿಕಾರಿ, ಆಲೂರು ಅಥವಾ ಸಕಲೇಶಪುರದ ವಲಯ ಅರಣ್ಯಾಧಿಕಾರಿ ಕಚೇರಿಗೂ ಹೇಳಬಹುದು. ಪೊಲೀಸರಿಗಾದರೆ 112.

5. ಸಿಬ್ಬಂದಿ ಬರುವವರೆಗೆ ಗಾಯಗೊಂಡ ಆಮೆಯನ್ನು ಗಾಳಿಯಾಡುವ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಹಾಸಿ ನೆರಳಿನಲ್ಲಿಡಿ. ನೀರು ತುಂಬಿದ ಬಕೆಟ್ ಬೇಡ, ತಿನಿಸು ಬೇಡ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡಬಹುದು. ಕಚ್ಚಿದರೆ ಗಾಯ ತೊಳೆದು ವೈದ್ಯರಿಗೆ ತೋರಿಸಿ.

6. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಹೇಮಾವತಿಗೋ ಬೇರೆ ಊರಿನ ಕೆರೆಗೋ ಒಯ್ದು ಬಿಡಬೇಡಿ. ಸಾಗಿಸಿದ್ದಕ್ಕೂ ಉತ್ತರ ಕೊಡಬೇಕಾಗುತ್ತದೆ. ಎಲ್ಲಿ ಬಿಡಬೇಕೆಂದು ತೀರ್ಮಾನಿಸುವುದು ಇಲಾಖೆಯ ಜವಾಬ್ದಾರಿ.

ವರದಿ ಬರೆಯುವುದು ಹೇಗೆ?

ಫೋನ್ ಮಾಡಿದರೂ ಒಂದು ಹಾಳೆಯಲ್ಲಿ ಬರೆದುಕೊಡುವುದು ಲೇಸು. ಇಷ್ಟು ಸಾಕು:

‘ಗೆ, ವಲಯ ಅರಣ್ಯಾಧಿಕಾರಿಗಳು, ಆಲೂರು ವಲಯ. ವಿಷಯ: ಆಮೆ ಸಿಕ್ಕಿರುವ ಬಗ್ಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 39ರಡಿ ವರದಿ. ದಿನಾಂಕ ____ರಂದು ____ ಗಂಟೆಗೆ, ____ ಗ್ರಾಮದ ಸರ್ವೆ ನಂಬರ್ ____ರಲ್ಲಿ ಚರಂಡಿ ಕೆಲಸ ಮಾಡುವಾಗ ಜೀವಂತ ಆಮೆ ಸಿಕ್ಕಿರುತ್ತದೆ. ಕಾಲಿಗೆ ಗಾಯವಾಗಿದೆ. ಸುರಕ್ಷತೆಗಾಗಿ ಬುಟ್ಟಿಯಲ್ಲಿಟ್ಟು ____ ಗಂಟೆಗೆ 1926ಕ್ಕೆ ಕರೆ ಮಾಡಿರುತ್ತೇನೆ. ವಶಕ್ಕೆ ಪಡೆದು ಸ್ವೀಕೃತಿ ನೀಡಬೇಕಾಗಿ ಕೋರಿಕೆ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸಿಕ್ಕ ಜಾಗದಲ್ಲೇ ತೆಗೆದ ಒಂದು ಫೋಟೊ, ಕರೆ ಮಾಡಿದ ಸಮಯದ ದಾಖಲೆ ಫೋನಿನಲ್ಲಿರಲಿ. ಎಸ್ಟೇಟಿನಲ್ಲಿ ಸಿಕ್ಕಿದ್ದರೆ ವರದಿ ಕೊಡುವ ಹೊರೆಯನ್ನು ಲೈನ್ ಮನೆಯ ಕಾರ್ಮಿಕರ ಮೇಲೆ ಬಿಡದೆ ಮಾಲೀಕರೋ ರೈಟರೋ ಮುಂದೆ ನಿಂತು ಮಾಡಿಸಬೇಕು.

ಚಿಪ್ಪು, ‘ಅದೃಷ್ಟದ ಆಮೆ’, ಅಂಗಡಿಯ ಆಮೆ

ಸತ್ತ ಆಮೆಯ ಚಿಪ್ಪನ್ನು ಗೋಡೆಗೆ ನೇತುಹಾಕುವುದೂ ಅಪರಾಧ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪ್ರಕರಣ ರಾಜ್ಯದಲ್ಲಿ ದೊಡ್ಡ ಸುದ್ದಿಯಾದಾಗ, ಅಜ್ಜನ ಕಾಲದ್ದು ಎಂದು ಮನೆಯಲ್ಲಿಟ್ಟುಕೊಂಡಿದ್ದವರೂ ಕಂಗಾಲಾಗಿದ್ದರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಂಥ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಅವಕಾಶ ಪ್ರಕಟಿಸಿತ್ತು. ಉಗುರಿಗೆ ಅನ್ವಯಿಸುವ ಕಾನೂನು ಚಿಪ್ಪಿಗೂ ಅನ್ವಯಿಸುತ್ತದೆ.

ಇಂತಿಷ್ಟು ಉಗುರಿರುವ ಆಮೆಗೆ ಲಕ್ಷಾಂತರ ರೂಪಾಯಿ ಬೆಲೆ ಎಂದು ನಂಬಿಸುವ ದಲ್ಲಾಳಿಗಳಿದ್ದಾರೆ. ಇದು ವಂಚನೆ. ಆಸೆಗೆ ಬಿದ್ದು ಆಮೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟವರು ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ಅವರೇ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದೂ ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಪೂರ್ಣ ನಿಷೇಧವಿದೆ.

ಅಂಗಡಿಯಲ್ಲಿ ಸಿಗುವ, ಕಿವಿಯ ಬಳಿ ಕೆಂಪು ಪಟ್ಟಿಯ ಆಮೆ ಉತ್ತರ ಅಮೆರಿಕ ಮೂಲದ್ದು. ದೊಡ್ಡದಾದ ಮೇಲೆ ಸಾಕಲಾರದೆ ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಅದು ಕಸಿಯುತ್ತದೆ. ಅದನ್ನಾಗಲಿ, ಯಾರೋ ತಂದು ಬಿಟ್ಟ ಸ್ನ್ಯಾಪಿಂಗ್ ಟರ್ಟಲನ್ನಾಗಲಿ ಕಂಡರೆ ಇಲಾಖೆಗೆ ತಿಳಿಸಿ. ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು 2024ರ ನಿಯಮಗಳಂತೆ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಬೇಕು.

ನಿಮ್ಮ ಹಕ್ಕುಗಳು

ಆಮೆಯನ್ನು ವಶಕ್ಕೆ ಪಡೆದಾಗ ಮಹಜರು ಮಾಡಿದರೆ ಪೂರ್ತಿ ಓದಿಸಿಕೊಂಡ ಮೇಲೆಯೇ ಸಹಿ ಹಾಕಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ. ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಕಿರುಕುಳಕ್ಕಾಗಿ ಅನಗತ್ಯವಾಗಿ ಸ್ವತ್ತು ಜಪ್ತಿ ಮಾಡಿದರೆ ಅಂಥ ಅಧಿಕಾರಿಗೇ ಶಿಕ್ಷೆ ವಿಧಿಸಲು ಇದೇ ಕಾಯ್ದೆಯ ಸೆಕ್ಷನ್ 53ರಲ್ಲಿ ಅವಕಾಶವಿದೆ.

ಕೊಟ್ಟ ದೂರಿನ ಗತಿ ತಿಳಿಯದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಕ್ರಮವೇ ಆಗದಿದ್ದರೆ ಸೆಕ್ಷನ್ 55ರಂತೆ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕರಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಪಂಚಾಯಿತಿ ಮಾಡಬಹುದಾದ್ದು

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮೂರಿನ ಕೆರೆಗಳಲ್ಲಿ ಯಾವ ಆಮೆಗಳಿವೆ ಎಂಬುದನ್ನು ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ಬರೆಸಲು ಗ್ರಾಮಸಭೆಯಲ್ಲಿ ಕೇಳಿ. ಕೆರೆ ಹೂಳೆತ್ತುವ ಮೊದಲು ವಲಯ ಅರಣ್ಯಾಧಿಕಾರಿಗೆ ಪತ್ರ ಬರೆದು, ಕೆಲಸದ ಜಾಗಕ್ಕೆ ಒಬ್ಬ ಸಿಬ್ಬಂದಿಯನ್ನು ಕಳುಹಿಸಲು ಕೋರುವ ನಿರ್ಣಯವನ್ನೂ ಅಲ್ಲೇ ಮಾಡಿಸಬಹುದು. 1926 ಎಂಬ ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಆಮೆ ಸಿಕ್ಕ ದಿನ ಯಾರಿಗೆ ಹೇಳಬೇಕೆಂಬುದು ಊರಿನ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿರಲಿ.