ಬೂಷ್ಟು ಹಿಡಿದ ತಾರಸಿ ಮನೆ: ಮೊದಲು ನೀರು, ಆಮೇಲೆ ಗಾಳಿ, ಕೊನೆಗೆ ಬಿಸಿಲು

ಆಷಾಢ ಕಾಲಿಟ್ಟಿತೆಂದರೆ ಕರಾವಳಿ, ಮಲೆನಾಡಿನ ತಾರಸಿ ಮನೆಗಳಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬಾಗಿಲ ಮೂಲೆಯ ಚಪ್ಪಲಿಗೂ ಒಂದೇ ವಾಸನೆ. ಗೋಡೆಯಲ್ಲಿ ಬೂಷ್ಟು ಕಂಡ ಕೂಡಲೇ ಹೆಚ್ಚಿನವರು ಒಳಬದಿಗೆ ವಾಟರ್‌ಪ್ರೂಫ್ ಪೇಂಟ್ ಬಳಿಸುತ್ತಾರೆ. ದುಡ್ಡು ದಂಡ. ಒದ್ದೆ ಗೋಡೆಗೆ ಬಳಿದ ಆ ಪೇಂಟು ನೀರು ಆರುವ ದಾರಿಯನ್ನೇ ಮುಚ್ಚಿಬಿಡುತ್ತದೆ; ಮುಂದಿನ ಮಳೆಗೆ ಗುಳ್ಳೆ ಎದ್ದು ಹಪ್ಪಳದಂತೆ ಕಳಚುತ್ತದೆ. ತೇವ, ಗಾಳಿ, ಶಾಖ ಈ ಮೂರನ್ನೂ ಒಟ್ಟಿಗೇ ನೋಡಬೇಕು. ಕೆಲಸಕ್ಕೆ ಕೈ ಹಾಕುವುದು ಮಾತ್ರ ಇದೇ ಕ್ರಮದಲ್ಲಿ.

ಮೊದಲು ನೀರಿನ ಮೂಲ ಹುಡುಕಿ

ತೇವ ಇರುವ ಜಾಗವನ್ನು ಒರೆಸಿ, ಒಂದು ಅಡಿ ಚೌಕದ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ. ಒಂದೆರಡು ದಿನ ಬಿಟ್ಟು ಬಿಚ್ಚಿ ನೋಡಿ. ಗೋಡೆಯ ಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಬದಿ ಒದ್ದೆಯಾಗಿದ್ದರೆ ಅದು ಮನೆಯ ಗಾಳಿಯಲ್ಲೇ ಇರುವ ನೀರು. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಒದ್ದೆ, ಮೇಲೆ ಬಿಳಿ ಉಪ್ಪಿನಂಥ ಪುಡಿ ಇದ್ದರೆ ಪಂಚಾಂಗದಿಂದ ತೇವ ಏರುತ್ತಿದೆ ಎಂದು ಲೆಕ್ಕ.

ಗೋಡೆಯೊಳಗಿಂದ ಬರುವ ನೀರನ್ನು ಹೊರಗೇ ತಡೆಯಬೇಕು. ಸಜ್ಜಾದ ಅಂಚು, ಕಿಟಕಿ ಚೌಕಟ್ಟಿನ ಸಂದು, ಗಿಲಾವಿನ ಬಿರುಕು, ತಾರಸಿಯ ಇಳಿಜಾರು ಇವನ್ನು ನೋಡಿಸಿ. ಕೆಂಪುಕಲ್ಲಿನ ಗೋಡೆಗೆ ಹೊರಗೆ ಗಿಲಾವು ಇಲ್ಲದಿದ್ದರೆ ಅದು ನೀರು ಹೀರದೆ ಬಿಡುವುದಿಲ್ಲ.

ಒಳಗಿನ ಆವಿಯನ್ನು ಹೊರಗೆ ಕಳಿಸಿ

ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅಂದರೆ 14.2 ಕೆಜಿಯ ಒಂದು ಸಿಲಿಂಡರಿನಿಂದಲೇ 20 ಲೀಟರಿಗೂ ಹೆಚ್ಚು. ಅನ್ನ, ಸಾರು ಕುದಿಯುವ ಹಬೆ ಬೇರೆ. ಅದರ ಮೇಲೆ ಸ್ನಾನ, ಒಳಗೆ ಹರವಿದ ಬಟ್ಟೆ. ಅಡುಗೆಮನೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕೆಲಸ ಮುಗಿದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಓಡಲಿ. ಬಾಗಿಲ ಕೆಳಗೆ ಬೆರಳು ತೂರುವಷ್ಟಾದರೂ ಸಂದು ಇರಲಿ. ಒಳಗೆ ಬರಲು ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನು ಸದ್ದು ಮಾಡುತ್ತದೆ ಅಷ್ಟೇ.

ಹಾಗಂತ ಮಳೆಗಾಲದಲ್ಲಿ ದಿನವಿಡೀ ಕಿಟಕಿ ತೆರೆದಿಟ್ಟರೆ ಮನೆ ಒಣಗುವುದಿಲ್ಲ. ಹೊರಗಿನ ಗಾಳಿಯೂ ನೀರೇ. 28 ಡಿಗ್ರಿಯಲ್ಲಿ ಶೇ 85 ತೇವಾಂಶವಿದ್ದರೆ, 25 ಡಿಗ್ರಿಗಿಂತ ತಣ್ಣಗಿರುವ ಟೈಲ್ಸೂ ಗೋಡೆಯೂ ಬೆವರುತ್ತವೆ. ಮಳೆ ಬಿಟ್ಟು ಬಿಸಿಲು ಇಣುಕಿದಾಗ ಎದುರುಬದುರು ಕಿಟಕಿ ತೆರೆಯಿರಿ, ಉಳಿದ ಹೊತ್ತು ಸೀಲಿಂಗ್ ಫ್ಯಾನ್ ಓಡಲಿ. ಬೀರು, ಮಂಚವನ್ನು ಹೊರಗೋಡೆಯಿಂದ ಮೂರು ಇಂಚು ಸರಿಸಿ. ಎಸಿ ಇದ್ದರೆ 25ರ ಆಸುಪಾಸು ಸಾಕು. 18ಕ್ಕೆ ಇಳಿಸಿದರೆ ಪಕ್ಕದ ಕೋಣೆಯ ಗೋಡೆ ಒದ್ದೆಯಾದೀತು.

ಕೊನೆಗೆ ಶಾಖದ ಕೆಲಸ

ಗೋಡೆ, ತಾರಸಿ ಪೂರ್ತಿ ಒಣಗಿದ ಮೇಲೆಯೇ ಇದಕ್ಕೆ ಕೈ ಹಾಕಿ. ಶಾಖ ತಡೆಯುವ ಪದರ ತಾರಸಿಯ ಮೇಲಿರಬೇಕು. ಸೋರುವ ತಾರಸಿಗೆ ಕೆಳಗಿನಿಂದ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಸೋರಿಕೆ ಕಾಣದಾಗುತ್ತದೆ, ಬೂಷ್ಟು ಅದರ ಮರೆಯಲ್ಲಿ ಬೆಳೆಯುತ್ತದೆ. ವಾಟರ್‌ಪ್ರೂಫಿಂಗ್ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ, ಅದರ ಮೇಲೆ ಕಾಂಕ್ರೀಟಿನ ತೆಳುಪದರ ಹಾಕಿಸಬಹುದು. ಅಷ್ಟೇ ಶಾಖವನ್ನು ಕಾಂಕ್ರೀಟಿನಿಂದಲೇ ತಡೆಯಲು ಎರಡು ಮೀಟರಿಗೂ ಹೆಚ್ಚು ದಪ್ಪ ಬೇಕು. ಅಷ್ಟು ಖರ್ಚು ಬೇಡವೆಂದರೆ ಬಿಸಿಲು ತಿರುಗಿಸುವ ಬಿಳಿ ಬಣ್ಣವೂ ನಡೆಯುತ್ತದೆ.

ನನ್ನ ಮತ ಕೇಳಿದರೆ, ನಮ್ಮ ಮಳೆ ಸೀಮೆಗೆ ತಾರಸಿಯ ಮೇಲೊಂದು ಶೀಟಿನ ಮಾಡೇ ಉತ್ತಮ. ಮಳೆಯನ್ನೂ ಬಿಸಿಲನ್ನೂ ಒಟ್ಟಿಗೇ ತಡೆಯುತ್ತದೆ, ಬಟ್ಟೆ ಹರವಲು ಜಾಗವೂ ಆಯಿತು. ಸುತ್ತ ಗೋಡೆ ಕಟ್ಟಿ ಮುಚ್ಚಬೇಡಿ, ಗಾಳಿ ಹಾಯಲಿ.

ಈ ಕೆಲಸಗಳಿಗೆ ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ. ಮೇ ಕೊನೆಯಲ್ಲಿ ಮೇಸ್ತ್ರಿ ಸಿಕ್ಕರೂ ಗೋಡೆ ಒಣಗಿರುವುದಿಲ್ಲ.