ಹಿರಿಯನ ಉತ್ತರವೂ ಕಿರಿಯನ ಮೌನವೂ

ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಜಗಳವೇ ಇಲ್ಲದ ಸ್ಥಳದಲ್ಲಿಯೂ ಮಾತಿನ ಧ್ವನಿಯು ಕೇಡನ್ನು ತರಬಹುದೆಂಬದಕ್ಕೆ ಒಂದು ದೃಷ್ಟಾಂತವನ್ನು ನೋಡೋಣ.

1977ನೇ ಇಸವಿ ಮಾರ್ಚಿ 27ನೇ ತಾರೀಖಿನಲ್ಲಿ, ಸ್ಪೇನ್ ದೇಶಕ್ಕೆ ಸೇರಿದ ತೆನೆರೀಫೆ ದ್ವೀಪದ ವಿಮಾನ ನಿಲ್ದಾಣವನ್ನು ಮಂಜು ಮುಸುಕಿತ್ತು. ಹಾಲೆಂಡಿನ ದೊಡ್ಡ ವಿಮಾನವೊಂದು, ಹಾರುವದಕ್ಕೆ ಅಪ್ಪಣೆ ದೊರೆಯುವ ಮುಂಚೆಯೇ ಓಡತೊಡಗಿತು. ಅಮೇರಿಕದ ವಿಮಾನವೊಂದು ಅದೇ ಹಾದಿಯಲ್ಲಿ ಎದುರಿನಿಂದ ಬರುತ್ತಿತ್ತು. ರೇಡಿಯೋವಿನ ಮಾತನ್ನು ಕೇಳಿ ಸಂಶಯಗೊಂಡ ಇಂಜಿನಿಯರನು, ಆ ವಿಮಾನವು ಇನ್ನೂ ಹಾದಿಯನ್ನು ಬಿಟ್ಟಿಲ್ಲವೋ ಎಂದು ಕೇಳಿದನು. ನಾಯಕನು, ಬಿಟ್ಟಿದೆಯೆಂದು ಒತ್ತಿ ಹೇಳಿದನು. ವಿಮಾನವು ನಿಲ್ಲಲಿಲ್ಲ. ಕೆಲವು ಕ್ಷಣಗಳಲ್ಲಿ ಎರಡೂ ಢಿಕ್ಕಿಯಾಗಿ 583 ಮಂದಿ ಸತ್ತರು.

ಮಂಜೂ ರೇಡಿಯೋವಿನ ಗೊಂದಲವೂ ಇದಕ್ಕೆ ಕಾರಣಗಳಾಗಿದ್ದವು, ನಿಜ. ಆದರೂ ಒಂದು ಸಂಶಯವು ಬಾಯಿಗೆ ಬಂದು ಅಲ್ಲಿಯೇ ಅಡಗಿಹೋಯಿತು. ತರುವಾಯ ವಿಮಾನದ ಕಂಪೆನಿಗಳು, ಸಂಶಯವನ್ನು ಸ್ಪಷ್ಟವಾಗಿ ಹೇಳುವದನ್ನು ಕಿರಿಯರಿಗೂ, ಅದನ್ನು ಕಿವಿಗೊಟ್ಟು ಕೇಳುವದನ್ನು ಹಿರಿಯರಿಗೂ ಕಲಿಸತೊಡಗಿದವು.

ಇದರಿಂದ ನಮಗೆ ಎರಡು ಪಾಠಗಳುಂಟು. ಮೇಸ್ತ್ರಿಯಾಗಲಿ ಯಜಮಾನನಾಗಲಿ, ಕೇಳುವವನ ಬಾಯಿ ಮುಚ್ಚಿಸುವ ಧ್ವನಿಯಿಂದ ಉತ್ತರ ಕೊಡಬಾರದು, “ನಿನಗೆ ಯಾಕೆ ಹಾಗೆ ತೋರಿತು?” ಎಂದು ವಿಚಾರಿಸತಕ್ಕದ್ದು. ಕೆಲಸದವನಾದರೋ ಅಪಾಯವನ್ನು ಕಂಡಾಗ ಅದನ್ನು ಪ್ರಶ್ನೆಯ ಮರೆಯಲ್ಲಿ ಇಡದೆ, “ಸ್ವಾಮೀ, ಸ್ವಲ್ಪ ನಿಲ್ಲಿಸಿರಿ; ನನಗೆ ಸಂಶಯವಿದೆ” ಎಂದು ವಿನಯದಿಂದಲೂ ನೇರವಾಗಿಯೂ ಹೇಳತಕ್ಕದ್ದು. ಬಾವಿ ತೋಡುವಲ್ಲಿಯೂ ಗೋಡೆ ಕಟ್ಟುವಲ್ಲಿಯೂ ಈ ನಿಯಮವು ಜೀವಗಳನ್ನು ಉಳಿಸುವದು.